ಗೈಡ್ ಬದಿಗಿಡಿ, ‘ಕೃಷ್ಣೇಗೌಡನ ಆನೆ’ ಓದಿ

ಮಾನ್ಯರೇ,

ದ್ವಿತೀಯ ಪಿಯು ಕನ್ನಡ ಪರೀಕ್ಷೆಗೆ ಕೂರುವ ಎಷ್ಟೋ ಮಕ್ಕಳು ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಯನ್ನು ಕೊನೆಗೆ ತಳ್ಳಿ, ಗೈಡಿನ ಸಾರಾಂಶವನ್ನು ಬಾಯಿಪಾಠ ಮಾಡುತ್ತಾರೆ. ಅಂಕ ಹೋಗುವುದು ಇಲ್ಲೇ. ಯಾವ ಪ್ರಶ್ನೆ ಬಂದರೂ ಆನೆ ತಂದಲ್ಲಿಂದ ಕಥೆ ಶುರು. ಕೇಳಿದ ಪ್ರಸಂಗಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ.

ಮೊದಲ ಓದು ಪೆನ್ಸಿಲ್ ಹಿಡಿಯದೆ, ಒಂದೇ ರಜಾದಿನದಲ್ಲಿ ಮುಗಿಯಲಿ. ನಗಿಸುತ್ತಲೇ ಓದಿಸಿಕೊಳ್ಳುವ ಕಥೆ, ಕಷ್ಟವಾಗದು. ಎರಡನೇ ಓದಿನಲ್ಲಿ ಪ್ರತಿ ಪ್ರಸಂಗದ ಪಕ್ಕ ಎರಡೇ ವಿಷಯ ಬರೆದುಕೊಳ್ಳಿ: ಏನಾಯಿತು, ತಪ್ಪು ಯಾರ ತಲೆಗೆ ಬಿತ್ತು. ಎರಡನೆಯದನ್ನು ಬಿಡಲೇಬೇಡಿ. ಊರಿನ ತಾಪತ್ರಯಗಳನ್ನೆಲ್ಲ ಆನೆಗೆ ಕಟ್ಟುವುದು, ಇಲಾಖೆಯವರು ಒಬ್ಬರ ಮೇಲೊಬ್ಬರು ಹೊರಿಸುವುದು, ಇದೇ ಕೃತಿಯ ಜೀವ. ಮಾವುತ ವೇಲಾಯುಧ, ಫಾರೆಸ್ಟರ್ ನಾಗರಾಜ, ಪೋಸ್ಟ್‌ಮನ್ ಜಬ್ಬಾರ್ ಇವರಿಗೆ ತಲಾ ಅರ್ಧ ಪುಟದ ಟಿಪ್ಪಣಿ ಸಾಕು.

ನಾಲ್ಕು ಅಂಕದ ಉತ್ತರಕ್ಕೆ ಹತ್ತು-ಹನ್ನೆರಡು ಸಾಲು, ಎಂಟು ನಿಮಿಷ. ಮೊದಲ ಸಾಲಿನಲ್ಲೇ ನೇರ ಉತ್ತರವಿರಲಿ, ಆಮೇಲೆ ಅದಕ್ಕೆ ಆಧಾರವಾಗುವ ಎರಡು ಘಟನೆ. ಕಥೆಯ ‘ನಾನು’ವನ್ನು ನಿರೂಪಕ ಎಂದೇ ಕರೆಯಿರಿ, ‘ತೇಜಸ್ವಿಯವರು ಹೋಗಿ ನೋಡಿದರು’ ಎಂದಲ್ಲ. ನಾಗರಾಜನ ಕಣ್ಮರೆಗೆ ಕೆಲವರು ತಾವೇ ಅಂತ್ಯ ಕಟ್ಟಿ ಬರೆಯುತ್ತಾರೆ. ಕೃತಿ ಅದನ್ನು ನಿಗೂಢವಾಗಿಯೇ ಬಿಟ್ಟಿದೆ. ಊಹೆಗಳನ್ನು ಊಹೆ ಎಂದೇ ಬರೆಯಬೇಕು.

ಉಪನ್ಯಾಸಕರಲ್ಲಿ ಒಂದು ಕೋರಿಕೆ: ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ವಾರಕ್ಕೆರಡು ಹಳೆಯ ಪ್ರಶ್ನೆಗಳನ್ನು ಪುಸ್ತಕ ಮುಚ್ಚಿಸಿ, ಗಡಿಯಾರ ನೋಡಿ ಬರೆಸಿ.

– ಕನ್ನಡ ಉಪನ್ಯಾಸಕರು