ಮಗಳಿಗೊಂದು ಪತ್ರ: ಬಸ್ಸಿನಲ್ಲಿ ಯಾರೂ ‘ಜೋದಾನ್’ ಅಂತ ಕೂಗುವುದಿಲ್ಲ

ಮಗಳೇ,

ಕರಾಟೆ ಡ್ರೆಸ್ಸು, ಕಂದು ಬೆಲ್ಟು ಎರಡನ್ನೂ ಅಟ್ಟದ ಮೇಲಿನ ಟ್ರಂಕಿಗೆ ಹಾಕಿ ಹೋಗಿದ್ದೀಯ ಅಂತ ಅಮ್ಮ ಹೇಳಿದಳು. ಇನ್ನು ಕ್ಲಾಸು ಸಾಕು ಅಂದೆಯಂತೆ. ಫೋನಿನಲ್ಲಿ ಕೇಳಿದರೆ ನೀನು ಬರೀ ಹೂಂ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮಂಡಿಯಲ್ಲಿ ಹರಾಜು ಮುಗಿದಿದೆ, ಟೊಮ್ಯಾಟೊ ಬಾಕ್ಸುಗಳು ಲಾರಿಗೆ ಏರುತ್ತಿವೆ. ಈಗ ಸ್ವಲ್ಪ ಪುರುಸೊತ್ತು.

ಹೊಸಕೋಟೆ ದಾಟಿದ ಮೇಲೆ ಬಸ್ಸಿನಲ್ಲಿ ಅವನು ನಿನ್ನ ಮೈಮೇಲೆ ಕೈ ಹಾಕಿದ್ದನ್ನು ಮತ್ತೆ ಬರೆಯುವುದಿಲ್ಲ. ಆದರೆ ನೀನು ಅಮ್ಮನ ಹತ್ತಿರ ಆಡಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಇಷ್ಟು ವರ್ಷ ಕಲಿತು ಒಂದು ಏಟು ಹೊಡೆಯೋಕೆ ಆಗಲಿಲ್ಲ, ಕೈ ನಡುಗಿಬಿಡ್ತು."

ಕೈ ನಡುಗಿತು, ಸರಿ. ಗಂಟಲು ನಡುಗಲಿಲ್ಲವಲ್ಲ?

ನೀನು ಕ್ಲಾಸಿಗೆ ಸೇರಿದಾಗ ಮೂರನೇ ತರಗತಿ. ಹೇಯಾನ್ ಶೋದಾನ್ ಕಾತಾ, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಆ 21 ಚಲನೆಗಳನ್ನೂ ತಪ್ಪಿಲ್ಲದೆ ಮಾಡುತ್ತಿದ್ದೆ. ಅದರಲ್ಲಿ ಎರಡು ಕಡೆ ಗಟ್ಟಿಯಾಗಿ ಕೂಗಬೇಕು, ಅದೇ ಕಿಯಾಯ್. ಅಲ್ಲಿ ಮಾತ್ರ ನಿನ್ನ ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮನೆಯಲ್ಲಿ ತಮ್ಮನ ಮೇಲೆ ಕೂಗಿದರೆ ಬೀದಿಗೆಲ್ಲ ಕೇಳುತ್ತಿತ್ತು. ನಾಲ್ಕು ಜನರ ಮುಂದೆ ಬರೀ ಗಾಳಿ. ನಾನು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತು, ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಅಂತ ಕಾಯುತ್ತಿದ್ದೆ. ಬೆಲ್ಟ್ ಪರೀಕ್ಷೆಯಲ್ಲೂ ಅದೇ. ಮಾಸ್ಟರ್ ಬೈಯಲಿಲ್ಲ. ನನಗೆ ಮಾತ್ರ ಭಯ. ಹುಡುಗಿ ಹೊರಗೆ ಬಾಯಿ ಬಿಡದಿದ್ದರೆ ನಾಳೆ ಹೇಗೆ ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆಮೇಲೆ ಒಂದು ಭಾನುವಾರ ಮಾಸ್ಟರ್ ಎಲ್ಲರನ್ನೂ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿಸಿದರು. ಓಡಿಸಿಯೇ ಹತ್ತಿಸಿದರು. ಬಸವನ ಬಾಯಿಂದ ಬೀಳುವ ನೀರು ಕುಡಿದು, ಇನ್ನೂ ಮೇಲೆ ಹೋಗಿ, ಬಂಡೆಯ ಮೇಲೆ ಕಾತಾ ಮಾಡಿಸಿದರು. ನೀನು ಏದುಸಿರು ಬಿಡುತ್ತಿದ್ದೆ, ಮುಖ ಕೆಂಪಾಗಿತ್ತು. ಒಂಬತ್ತನೇ ಚಲನೆ, ಮೂರನೇ ಸಲ ಕೈ ಮೇಲೆತ್ತಿ ತಡೆದೆ ನೋಡು, ಆಗ ಬಂತು. ಕೋತಿಗಳು ಬಂಡೆ ಬಿಟ್ಟು ಓಡಿದವು. ಹುಡುಗರೆಲ್ಲ ನಕ್ಕರು. ನೀನು ನಗಲಿಲ್ಲ. ಈ ಸದ್ದು ನಂದೇನಾ ಅನ್ನುವ ಹಾಗೆ ಸುಮ್ನೆ ನಿಂತಿದ್ದೆ. ಆ ಮುಖ ನನಗೆ ಇವತ್ತಿಗೂ ಹಾಗೇ ಇದೆ. ಮೊನ್ನೆ ನಿನ್ನ ಗೆಳತಿ ಫೋನ್ ಮಾಡಿ, "ಅಂಕಲ್, ಅವಳು ಅವನ ಮಣಿಕಟ್ಟು ಹಿಡಿದು 'ಕೈ ತೆಗಿ' ಅಂತ ಕೂಗಿದ್ದಕ್ಕೆ ಡ್ರೈವರ್ ಬ್ರೇಕ್ ಹಾಕಿಬಿಟ್ರು" ಅಂದಾಗ ನನಗೆ ಮೊದಲು ನೆನಪಾದದ್ದು ಅದೇ. ಹೆಮ್ಮೆ ಆಯ್ತು. ಹೊಟ್ಟೆಯಲ್ಲಿ ಸಂಕಟವೂ ಆಯ್ತು.

ಹೊಡೆತ ಯಾಕೆ ಬರಲಿಲ್ಲ ಅಂತ ಕೇಳಿದ್ದೀಯ. ನಾನು ಕರಾಟೆ ಕಲಿತವನಲ್ಲ, ನೋಡಿದವನು. ಗೋಹೋನ್ ಕುಮಿತೆಯಲ್ಲಿ, ಇಬ್ಬರು ಎದುರುಬದುರು ನಿಂತು ಮಾಡುವ ಆ ಐದು ಹೆಜ್ಜೆಯ ಅಭ್ಯಾಸದಲ್ಲಿ, ಏನು ಮಾಡುತ್ತೀರಿ? ಹೊಡೆಯುವವನು ಮೊದಲು 'ಜೋದಾನ್' ಅಂತ ಕೂಗುತ್ತಾನೆ. ಏಟು ಮುಖಕ್ಕೆ ಅಂತ ಗೊತ್ತಾಗುತ್ತದೆ. ಆಮೇಲೆ ಮುಂದೆ ಬರುತ್ತಾನೆ. ಇಬ್ಬರ ನಡುವೆ ಜಾಗ ಇರುತ್ತದೆ, ನಮಸ್ಕಾರ ಇರುತ್ತದೆ. ಬಸ್ಸಿನಲ್ಲಿ ಯಾರೂ ಜೋದಾನ್ ಅಂತ ಕೂಗಿ ಕೈ ಹಾಕುವುದಿಲ್ಲ. ಕಾಲಿಡಲು ಜಾಗವಿಲ್ಲ, ಹೆಗಲಲ್ಲಿ ಬ್ಯಾಗು, ಒಂದು ಕೈ ಕಂಬದ ಮೇಲೆ. ಅಲ್ಲಿ ಮೈ ಗಕ್ಕನೆ ನಿಂತುಬಿಡುವುದು ನಿನ್ನೊಬ್ಬಳಿಗೇ ಅಲ್ಲ, ಬ್ಲ್ಯಾಕ್ ಬೆಲ್ಟಿನವರಿಗೂ ಆಗುತ್ತದೆ. ಅದು ಹೇಡಿತನ ಅಲ್ಲ.

ನಿಮ್ಮ ಕ್ಲಾಸಿನ ಗೋಡೆಯ ಮೇಲೆ ಫುನಾಕೋಶಿ ಫೋಟೋ ಇದೆಯಲ್ಲ. ಒಕಿನಾವಾದಲ್ಲಿ ಶಾಲೆ ಮೇಷ್ಟ್ರಾಗಿದ್ದವರು, ಚಿಕ್ಕಂದಿನಲ್ಲಿ ರೋಗಿಷ್ಠ ಹುಡುಗ. 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ತೋರಿಸಿ, ಅಲ್ಲೇ ಉಳಿದು ಕಲಿಸಿದರು. ಅವರ 20 ಸೂತ್ರಗಳಲ್ಲಿ ಒಂದು, ಕರಾಟೆಯಲ್ಲಿ ಮೊದಲ ಏಟು ಇಲ್ಲ ಅನ್ನುತ್ತದೆ. ನಿನ್ನ ಹೇಯಾನ್ ಶೋದಾನ್ ಕೂಡ ತಡೆಯುವುದರಿಂದಲೇ ಶುರು. ಮಾಸ್ಟರ್ ಅದನ್ನೇ ಹೇಳಿ ಸಮಾಧಾನ ಮಾಡುತ್ತಾರೆ. ಆದರೆ ನಾನು ಅಪ್ಪ, ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಅವನು ಕೈ ಹಾಕಿದ್ದೇ ಮೊದಲ ಏಟು. ಇನ್ನೊಂದು ಸಲ ಹಾಗಾದರೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದಿದ್ದರೆ, ಯೋಚನೆ ಮಾಡಬೇಡ, ಹೊಡಿ. ದಾರಿಯಿದ್ದರೆ ಕೂಗು, ಜನ ಇರುವ ಕಡೆ ಹೋಗು, 112ಕ್ಕೆ ಫೋನ್ ಮಾಡು. ಕತ್ತಲಾದ ಮೇಲೆ ಒಬ್ಬಳೇ ಹೊರಡಬೇಡ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಿಲ್ಲಬೇಡ. ಮೊಬೈಲ್ ಚಾರ್ಜ್ ಇಟ್ಟುಕೋ. ಬುದ್ಧಿ ಹೇಳಬಾರದು ಅಂತಲೇ ಕೂತೆ, ಆದರೂ ಬಂತು. ಹೇಳದಿದ್ದರೆ ನಾನು ಊಟ ಮಾಡಲಾರೆ.

ನಿನ್ನ ದೊಡ್ಡಪ್ಪ "ಅದಕ್ಕೇನಾ ಅಷ್ಟು ದುಡ್ಡು ಕಟ್ಟಿದ್ದು" ಅಂದದ್ದು ನಿನಗೆ ಚುಚ್ಚಿದೆ ಅಂತ ಗೊತ್ತು. ಆ ಮಾತಿಗೆ ನಾನು ಕ್ಷಮೆ ಕೇಳುತ್ತೇನೆ, ಅವರು ಕೇಳುವವರಲ್ಲ.

ಆ ಸೂತ್ರಗಳಲ್ಲೇ ಇನ್ನೊಂದಿದೆ. ಮೊದಲು ನಿನ್ನನ್ನು ನೀನು ತಿಳಿ, ಆಮೇಲೆ ಎದುರಿನವರನ್ನು. ಇದನ್ನು ನಾನು ಒಪ್ಪುತ್ತೇನೆ. ನಿನ್ನ ಕೈ ಎಲ್ಲಿ ನಿಲ್ಲುತ್ತದೆ ಅಂತ ಈಗ ನಿನಗೆ ಗೊತ್ತಾಗಿದೆ. ಯಾವ ಬೆಲ್ಟ್ ಪರೀಕ್ಷೆಯಲ್ಲೂ ಇದು ಗೊತ್ತಾಗುತ್ತಿರಲಿಲ್ಲ. ಗೊತ್ತಾದ ಹೊತ್ತಿನಲ್ಲೇ ಬಿಟ್ಟುಬಿಟ್ಟರೆ ಹೇಗೆ? ಚೂಡಿದಾರ್‌ನಲ್ಲಿ, ಬ್ಯಾಗು ಹಾಕಿಕೊಂಡು, ಇಕ್ಕಟ್ಟಿನಲ್ಲಿ ನಿಂತು, ಎದುರಿನವರು ಏನೂ ಕೂಗದೆ ಬರುವ ಹಾಗೆ ಅಭ್ಯಾಸ ಮಾಡಿಸಿ ಅಂತ ಮಾಸ್ಟರ್‌ಗೆ ಕೇಳು. ನಿನ್ನ ಜೊತೆಯ ಚಿಕ್ಕ ಹುಡುಗಿಯರಿಗೂ ಅದು ಬೇಕು. ಅವರೂ ನಾಳೆ ಬಸ್ಸು ಹತ್ತುವವರೇ.

ಟ್ರಂಕಿಗೆ ನಾನು ಕೈ ಹಾಕಿಲ್ಲ. ಭಾನುವಾರ ಬರುತ್ತೀಯಾ ಇಲ್ಲವಾ ಅಂತ ಅಮ್ಮನಿಗೆ ತಿಳಿಸು. ಮಾಸ್ಟರ್ ಹತ್ತಿರ ನೀನೇ ಮಾತಾಡುತ್ತೀಯಾ, ನಾನು ಹೋಗಲಾ, ಅದನ್ನೂ ಹೇಳು.

ನಿನ್ನ ಅಪ್ಪ
ಕೋಲಾರ