ಕೋಟೆ ಗೋಡೆಗೆ ಸಿಮೆಂಟ್ ಬೇಡ

ಮಾನ್ಯ ಸಂಪಾದಕರೇ,

ಮಡಿಕೇರಿ ಕೋಟೆ ಅರಮನೆ ರಿಪೇರಿ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಸುದ್ದಿ ಓದಿದೆ, ನಂದು ಒಂದೇ ಮಾತು, ಆ ಹಳೇ ಗೋಡೆಗೆ ಸಿಮೆಂಟ್ ಮುಟ್ಟಿಸ್ಬೇಡಿ, ಸುಣ್ಣದ ಗಾರೆನೇ ಹಾಕಿ.

ನಮ್ಮ ತಂದೆ ಕಾಲದವರಿಗೆ ಕೋಟೆ ಅಂದ್ರೆ ಕೋರ್ಟು ಕಚೇರಿನೇ. ಜಮ್ಮಾ ಜಮೀನಿನ, ಅಂದ್ರೆ ಕೊಡಗಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ ಕೇಸು ಅಂತ ಅವರು ಬೆಳಗ್ಗೆನೇ ಬಸ್ ಹತ್ತೋರು, ನಾನೂ ಜೊತೆಗೆ ಹೋಗಿ ಕೋಟೆ ಒಳಗಿರೋ ಆ ಎರಡು ಗಾರೆ ಆನೆಗಳ ಹತ್ರ ಕೂತು ಕಾಯ್ತಿದ್ದೆ, ಮಳೆಯಲ್ಲಿ ನೆಂದ ಆನೆ ಸೊಂಡಿಲು ಮುಟ್ಟಿದ್ರೆ ತಣ್ಣಗೆ ಇರ್ತಿತ್ತು, ಅದು ಇವತ್ತಿಗೂ ಕೈಗೆ ನೆನಪಿದೆ. ಕೊಡಗಿನ ಅರಸ ಮುದ್ದುರಾಜ 17ನೇ ಶತಮಾನದಲ್ಲಿ ಮಣ್ಣಿನ ಕೋಟೆ ಕಟ್ಟಿದ, ಟಿಪ್ಪು ಕಾಲದಲ್ಲಿ ಕಲ್ಲಿನದಾಯ್ತು, ಈಗಿರೋ ಅರಮನೆ ಆಮೇಲಿನ ಅರಸ ಲಿಂಗರಾಜೇಂದ್ರ 1812ರಿಂದ 1814ರೊಳಗೆ ಕಟ್ಟಿಸಿದ್ದು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯ್ತು, ಗಡಿಯಾರದ ಗೋಪುರ, ಮುಂದಿನ ಪೋರ್ಟಿಕೊ ಸೇರಿದ್ದು 1933ರಲ್ಲಿ. ಇಷ್ಟೂ ಕಾಲ ಒಂದೇ ಆವರಣದಲ್ಲಿ ಕಣ್ಣಿಗೆ ಕಾಣೋ ಜಾಗ ನಮ್ಮ ಜಿಲ್ಲೇಲಿ ಬೇರೆ ಎಲ್ಲಿದೆ?

ನಮ್ಮೂರಿನ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದ್ರೆ ಬಿಡೋದೇ ಇಲ್ಲ. ಸುಣ್ಣದ ಗಾರೆ ತೇವ ಹೀರ್ಕೊಂಡು ಬಿಸಿಲು ಬಂದಾಗ ಹೊರಗೆ ಬಿಡತ್ತೆ, ಸಿಮೆಂಟ್ ಮೆತ್ತಿದ್ರೆ ನೀರು ಒಳಗೇ ಉಳಿದು ಗೋಡೆನೇ ಪುಡಿ ಆಗತ್ತೆ. ನಮ್ಮ ಐನ್‌ಮನೆ, ಅಂದ್ರೆ ಮನೆತನದ ಮೂಲ ಮನೆಯ ಗೋಡೆ ಹಿಂಗೇ ಹಾಳಾಗಿದ್ದು ನಾನೇ ನೋಡಿದೀನಿ. ಹಾಗಾಗಿ ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿಗಳನ್ನೇ ಕರೆಸಿ, ಮಳೆಗಾಲಕ್ಕೆ ಮೊದಲೇ ಹೆಂಚು ಸರಿ ಮಾಡಿಸಿ, ಜೊತೆಗೆ ಇಲ್ಲಿ ಕೋರ್ಟು ಕಚೇರಿ ನಡೀತಿದ್ದ ಕಾಲದ ಬಗ್ಗೆ ಬಾಗಿಲ ಹತ್ರ ಒಂದು ಕನ್ನಡ ಬೋರ್ಡ್ ಹಾಕ್ಸಿ.

ಒಬ್ಬ ಓದುಗ, ಮಡಿಕೇರಿ