ಸಕ್ಯುಲೆಂಟ್ ಗಿಡಗಳ ಜೊತೆ ಇನ್ನು ಗೊಬ್ಬರದ ಪೊಟ್ಟಣ ಇರುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಮ್ಮ ನರ್ಸರಿಯಲ್ಲಿ ಯಾವ ಗಿಡ ತಗೊಂಡರೂ ಜೊತೆಗೆ 19:19:19 ಗೊಬ್ಬರದ ಒಂದು ಸಣ್ಣ ಪೊಟ್ಟಣ ಸಿಗುತ್ತಿತ್ತು. ಈ ತಿಂಗಳಿಂದ ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳ, ಅಂದರೆ ಸಕ್ಯುಲೆಂಟ್‌ಗಳ ಜೊತೆ ಅದನ್ನು ಕೊಡುವುದಿಲ್ಲ. ಗುಲಾಬಿ, ದಾಸವಾಳ, ಮಲ್ಲಿಗೆ, ತರಕಾರಿ ಸಸಿಗಳಿಗೆ ಮೊದಲಿನ ಹಾಗೇ ಇರುತ್ತದೆ. ಪೊಟ್ಟಣದ ದುಡ್ಡನ್ನು ನಾವು ಇಟ್ಟುಕೊಂಡಿಲ್ಲ. ಪ್ರತಿ ಸಕ್ಯುಲೆಂಟ್ ಗಿಡದ ಬೆಲೆ 15 ರೂಪಾಯಿ ಇಳಿದಿದೆ.

ಯಾಕೆ ಅಂತ ಹೇಳಬೇಕಲ್ವಾ. ಈಗ ನಮ್ಮಲ್ಲಿ ಗಿಡ ಒಯ್ಯುವವರಲ್ಲಿ ಜಾಸ್ತಿ ಜನ ಅಪಾರ್ಟ್‌ಮೆಂಟಿನವರು. ಬಾಲ್ಕನಿಗೆ, ಕಿಟಕಿ ಕಟ್ಟೆಗೆ, ಆಫೀಸಿನ ಮೇಜಿಗೆ ಅಂತ ಎಚೆವೇರಿಯಾ, ಹಾವರ್ಥಿಯಾ, ಜೇಡ್ ಥರದ ಸಕ್ಯುಲೆಂಟ್ ಕೇಳುತ್ತಾರೆ. ಗುಲಾಬಿಗೆ ಹೊಂದುವ ಗೊಬ್ಬರ ಇವಕ್ಕೆ ಹೊಂದುವುದಿಲ್ಲ. ಎಚೆವೇರಿಯಾಗಳ ತವರು ಹೆಚ್ಚಾಗಿ ಮೆಕ್ಸಿಕೋದ ಬೆಟ್ಟಗಳು. ಅಲ್ಲಿ ಬಂಡೆಯ ಸಂದಿಯಲ್ಲಿ ಹಿಡಿ ಮಣ್ಣು ಸಿಕ್ಕರೆ ಸಾಕು, ಬೆಳೆದುಕೊಳ್ಳುತ್ತವೆ. ಹಾವರ್ಥಿಯಾ, ಜೇಡ್ ಎರಡೂ ದಕ್ಷಿಣ ಆಫ್ರಿಕಾದ ಒಣ ನೆಲದಿಂದ ಬಂದವು. ಕಡಿಮೆಯಲ್ಲೇ ಬದುಕಿ ಅಭ್ಯಾಸ.

19:19:19 ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ತಲಾ ನೂರಕ್ಕೆ 19 ಪಾಲು. ಸಾರಜನಕ ಸಿಕ್ಕರೆ ಗುಲಾಬಿ ಹೊಸ ಚಿಗುರು ಬಿಡುತ್ತದೆ. ಅದೇ ಸಕ್ಯುಲೆಂಟಿಗೆ ಜಾಸ್ತಿಯಾದರೆ ಎಲೆ ನೀರು ತುಂಬಿಕೊಂಡು ಮೆತ್ತಗಾಗುತ್ತದೆ. ನೋಡಲು ದಷ್ಟಪುಷ್ಟ, ಆದರೆ ಒಳಗೆ ಗಟ್ಟಿತನ ಇಲ್ಲ. ಮಳೆಗಾಲ ಬಂದರೆ ಬುಡದಿಂದ ಕೊಳೆಯುವುದು ಇಂಥ ಗಿಡವೇ. ಹಿಟ್ಟು ತಿಗಣೆಗೂ ಮೆತ್ತನೆಯ ಎಲೆ ಅಂದರೆ ಬಹಳ ಇಷ್ಟ. ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ಹತ್ತಿಯ ಚೂರಿನ ಹಾಗೆ ಬೆಳ್ಳಗೆ ಏನಾದರೂ ಕಂಡರೆ ಅದೇ ಅಂತ ತಿಳಿಯಿರಿ.

ವಾಟ್ಸಾಪಿನಲ್ಲಿ ನಮಗೆ ದಿನಾ ಗಿಡದ ಫೋಟೋ ಬರುತ್ತವೆ. ಜೊತೆಗೆ ಒಂದೇ ಪ್ರಶ್ನೆ: "ಗಿಡ ಡಲ್ ಆಗಿದೆ, ಎಷ್ಟು ಗೊಬ್ಬರ ಹಾಕಲಿ?" ಫೋಟೋದಲ್ಲಿ ನಾವು ಮೊದಲು ನೋಡುವುದು ಕಾಂಡವನ್ನು. ತಂದ ದಿನ ಎಚೆವೇರಿಯಾದ ಎಲೆಗಳು ಒಂದಕ್ಕೊಂದು ಒತ್ತಿಕೊಂಡು ಹೂವಿನ ಹಾಗೆ ಕೂತಿರುತ್ತವೆ, ಕಾಂಡ ಕಾಣುವುದೇ ಇಲ್ಲ. ಕೆಲವು ವಾರ ಬೆಳಕು ಸಾಲದೆ ಹೋದರೆ ಕಾಂಡ ಬೆಳಕಿನ ಕಡೆಗೆ ಎಳೆಯುತ್ತಾ ಉದ್ದ ಆಗುತ್ತದೆ. ಎಲೆ ಎಲೆಯ ನಡುವೆ ಸಂದಿ ಬೀಳುತ್ತದೆ, ಅಂಚಿನ ಕೆಂಪು ಹೋಗಿ ಪೂರ್ತಿ ತಿಳಿ ಹಸಿರು. ಇದು ಹಸಿವಿನ ಲಕ್ಷಣ ಅಲ್ಲ, ಕತ್ತಲೆಯ ಲಕ್ಷಣ. ಈ ಹೊತ್ತಲ್ಲಿ ಗೊಬ್ಬರ ಕೊಟ್ಟರೆ ಇನ್ನೂ ಬೇಗ ಸೊರಗಿ ಉದ್ದವಾಗುತ್ತದೆ. ಬೆಳಗಿನ ಬಿಸಿಲು ಬೀಳುವ ಕಡೆಗೆ ಇಡಿ. ಒಂದೇ ದಿನಕ್ಕೆ ಒಳಗಿಂದ ಸುಡು ಬಿಸಿಲಿಗೆ ತರಬೇಡಿ, ಎಲೆ ಸುಟ್ಟು ಕಲೆ ಬೀಳುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ.

ಹಾಗಾದರೆ ಗಿಡಕ್ಕೆ ಏನೂ ಬೇಡವೇ? ಬೇಕು. ಅದನ್ನು ನಾವೇ ಮಣ್ಣಿಗೆ ಸೇರಿಸಿ ಕೊಡುತ್ತೇವೆ. ಕುಂಡಕ್ಕೆ ಹಾಕುವ ಮಿಶ್ರಣದಲ್ಲಿ ಇನ್ನು ಮೇಲೆ ನಿಧಾನವಾಗಿ ಕರಗುವ ಗೊಬ್ಬರದ ಕೆಲವೇ ಕಾಳು ಇರುತ್ತವೆ. ಕಾಳಿನ ಮೇಲೆ ಒಂದು ತೆಳು ಪದರ ಇರುತ್ತದೆ. ನೀರಿನ ಪಸೆ ಒಳಗೆ ಹೋಗಿ ಗೊಬ್ಬರ ಕರಗಿ ಚೂರು ಚೂರಾಗಿ ಹೊರಗೆ ಬರುತ್ತದೆ. ಬಿಸಿ ಜಾಸ್ತಿ ಇದ್ದಷ್ಟೂ ಬೇಗ ಬರುತ್ತದೆ. ಹಾಗಾಗಿ ಚೀಲದ ಮೇಲೆ ಆರು ತಿಂಗಳು ಅಂತ ಇದ್ದರೂ ಬಳ್ಳಾರಿ, ಕಲಬುರಗಿ ಬಿಸಿಲಿಗೆ ಅಷ್ಟು ದಿನ ಬಾರದು. ಪರವಾಗಿಲ್ಲ, ಆಮೇಲೂ ಗಿಡ ತಿಂಗಳುಗಟ್ಟಲೆ ಆರಾಮಾಗಿ ಇರುತ್ತದೆ. ಇನ್ನೊಂದು ಮಾತು. ಗೊಬ್ಬರ ಮುಗಿದ ಮೇಲೂ ಆ ಕಾಳಿನ ಸಿಪ್ಪೆ ಮಣ್ಣಲ್ಲೇ ಉಳಿಯುತ್ತದೆ. ಹಳದಿ ಬಣ್ಣದ ಪುಟ್ಟ ಗುಂಡುಗಳು. ಒತ್ತಿದರೆ ಪಟ್ ಅಂತ ನೀರು ಬರುತ್ತದೆ. ಹುಳದ ಮೊಟ್ಟೆ ಅಂದುಕೊಂಡು ಔಷಧಿ ಹೊಡೆಯಬೇಡಿ.

ಕುಂಡಕ್ಕೆ ಒಂದು ಚೀಟಿ ಅಂಟಿಸಿರುತ್ತೇವೆ, ನೆಟ್ಟ ತಿಂಗಳು ಅದರಲ್ಲಿದೆ. ಅಲ್ಲಿಂದ ಒಂದು ವರ್ಷ ನೀವು ಯಾವ ಗೊಬ್ಬರವನ್ನೂ ಹಾಕಬೇಕಾಗಿಲ್ಲ.

ವರ್ಷ ದಾಟಿದ ಗಿಡ, ಅಥವಾ ಮನೆಯಲ್ಲಿ ಮೊದಲೇ ಇರುವ ಗಿಡವಾದರೆ ಹಳೆಯ ಪೊಟ್ಟಣದ ಪುಡಿಯನ್ನೇ ತೆಳ್ಳಗೆ ಕೊಡಬಹುದು. ಎರಡು ಲೀಟರ್ ನೀರಿಗೆ ಕಾಲು ಟೀ ಚಮಚ, ಅಷ್ಟೇ. ಒಣಗಿದ ಮಣ್ಣಿಗೆ ನೇರವಾಗಿ ಹಾಕಬೇಡಿ, ಬೇರು ಸುಡುತ್ತದೆ. ಮೊದಲು ಬರೀ ನೀರು, ಮರುದಿನ ಗೊಬ್ಬರದ ನೀರು. ಎಲೆಯ ಮೇಲೆ ಬೀಳದ ಹಾಗೆ ಬುಡಕ್ಕೆ ಹಾಕಿ. ಯಾವಾಗ? ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡುತ್ತದಲ್ಲ, ಆಗ ಒಮ್ಮೆ. ಮಳೆ ಬಿಟ್ಟ ಮೇಲೆ, ದೀಪಾವಳಿಯ ಆಸುಪಾಸು ಇನ್ನೊಮ್ಮೆ. ಮೋಡ ಕವಿದ ಮಳೆಗಾಲದಲ್ಲಿ ಬೇಡ. ಉತ್ತರ ಕರ್ನಾಟಕದ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲೂ ಕೊಡಬೇಡಿ, ಆ ಸೆಖೆಗೆ ಎಚೆವೇರಿಯಾ, ಹಾವರ್ಥಿಯಾ ಬೆಳೆಯುವುದನ್ನೇ ನಿಲ್ಲಿಸಿಬಿಡುತ್ತವೆ. ಹೊಸದಾಗಿ ಕುಂಡ ಬದಲಿಸಿದ ಗಿಡಕ್ಕೆ, ಕೊಳೆತ ಬೇರು ಕತ್ತರಿಸಿದ ಗಿಡಕ್ಕೆ ಕೂಡ ಗೊಬ್ಬರ ಕೂಡದು. ಮೊದಲು ಬೇರು ಹಿಡಿಯಲಿ.

ಅಡುಗೆಮನೆಯ ಗೊಬ್ಬರದ ಬಗ್ಗೆ ತುಂಬ ಜನ ಕೇಳುತ್ತೀರಿ. ಬಾಳೆಹಣ್ಣಿನ ಸಿಪ್ಪೆ, ಚಹಾ ಚರಟ, ಅಕ್ಕಿ ತೊಳೆದ ನೀರು. ಕರಿಬೇವಿಗೆ, ದಾಸವಾಳಕ್ಕೆ ಧಾರಾಳವಾಗಿ ಹಾಕಿ. ಸಕ್ಯುಲೆಂಟ್ ಕುಂಡಕ್ಕೆ ಸುಮ್ನೆ ಹಾಕಬೇಡಿ. ಚರಟ ಮಣ್ಣಿನ ಮೇಲೆ ಒದ್ದೆಯಾಗಿ ಕೂತು ಬೂಷ್ಟು ಹಿಡಿಯುತ್ತದೆ, ಸಣ್ಣ ನೊಣ ಬರುತ್ತವೆ. ಎರೆಗೊಬ್ಬರ ಒಳ್ಳೆಯದೇ, ಆದರೆ ಅದೂ ನೀರು ಹಿಡಿದಿಡುತ್ತದೆ. ಕುಂಡ ಬದಲಿಸುವಾಗ ಹತ್ತು ಹಿಡಿ ಮಿಶ್ರಣಕ್ಕೆ ಒಂದು ಹಿಡಿ ದಾಟದಿರಲಿ.

ಮಣ್ಣಿನ ಕುಂಡದ ಹೊರಗೆ ಬಿಳಿ ಪುಡಿ ಕಟ್ಟಿದ್ದರೆ ಅದು ಗೊಬ್ಬರದ ಉಪ್ಪು, ಇಲ್ಲವೇ ಬೋರ್‌ವೆಲ್ ನೀರಿನ ಸುಣ್ಣ. ಗೊಬ್ಬರ ನಿಲ್ಲಿಸಿ, ಮಳೆ ನೀರನ್ನೋ ಕಾವೇರಿ ನೀರನ್ನೋ ತಳದ ತೂತಿನಿಂದ ಚೆನ್ನಾಗಿ ಹರಿದು ಹೋಗುವ ಹಾಗೆ ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಎರಡು ಗಿಡಗಳಿಗೆ ಮಾತ್ರ ಈ ಬದಲಾವಣೆ ಇಲ್ಲ. ಅಡೇನಿಯಂ ಬಿಸಿಲಲ್ಲಿ ಬೆಳೆದು ಹೂ ಬಿಡುವ ಗಿಡ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗೊಬ್ಬರ ಕೇಳುತ್ತದೆ. ನಮ್ಮಲ್ಲಿ ಬ್ರಹ್ಮಕಮಲ ಅಂತ ಕರೆಯುವ, ರಾತ್ರಿ ಅರಳುವ ಗಿಡ ಕೂಡ ಕಳ್ಳಿ ಜಾತಿಯದೇ. ಆದರೆ ಅದು ಕಾಡಿನಲ್ಲಿ ಮರದ ಮೇಲೆ, ಕೊಳೆತ ಎಲೆಯ ನಡುವೆ ಬೆಳೆಯುವಂಥದ್ದು. ಅದಕ್ಕೆ ಎರೆಗೊಬ್ಬರ ಜಾಸ್ತಿಯೇ ಇರಲಿ. ಇವೆರಡರ ಜೊತೆ ಪೊಟ್ಟಣ ಬರುತ್ತದೆ.

ಹಳೆಯ ಪೊಟ್ಟಣಗಳು ಮನೆಯಲ್ಲಿ ಉಳಿದಿದ್ದರೆ ಎಸೆಯಬೇಡಿ, ಗುಲಾಬಿಗೆ ಬಳಸಿ. ಗಾಳಿಯ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ, ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನಮ್ಮಲ್ಲಿ ತಗೊಂಡ ಹಳೆಯ ಸಕ್ಯುಲೆಂಟ್‌ಗಳಿಗೆ ಹೊಸ ಮಿಶ್ರಣ ಬೇಕಿದ್ದರೆ ಶನಿವಾರ ಬೆಳಗ್ಗೆ ಕುಂಡ ಸಮೇತ ತನ್ನಿ, ಮಣ್ಣು ಬದಲಿಸಿ ಕೊಡುತ್ತೇವೆ. ಮಿಶ್ರಣದ ಬೆಲೆ ಮಾತ್ರ, ಕೂಲಿ ಇಲ್ಲ. ತರುವ ಮುಂಚೆ ನಾಲ್ಕೈದು ದಿನ ನೀರು ಹಾಕಬೇಡಿ, ಒಣ ಮಣ್ಣಿನಿಂದ ಬೇರು ಸಲೀಸಾಗಿ ಬಿಡುತ್ತದೆ.

ಇಂತಿ,
ನರ್ಸರಿಯ ಎಲ್ಲರ ಪರವಾಗಿ